ಮೇಸ್ತ್ರಿಯ ಅರ್ಧಾಯುಷ್ಯ

ನಮ್ಮೂರಲ್ಲಿ ಬೆಕ್ಕಿಗೆ ಹೆಸರಿಡುವ ಪದ್ಧತಿ ಇರಲಿಲ್ಲ. ಹಸುಗಳಿಗೆ ಇತ್ತು, ನಾಯಿಗೂ ಇತ್ತು. ಬೆಕ್ಕು ಅಂದ್ರೆ ಬೆಕ್ಕು, ಅಷ್ಟೇ. ನಮ್ಮದು ತಿಪಟೂರು ಕಡೆಯ ಊರು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಕಾಯಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಬೆಕ್ಕು. ರಾತ್ರಿ ಉಳಿದ ಅನ್ನಕ್ಕೆ ಅಮ್ಮ ಒಂದಿಷ್ಟು ಹಾಲು ಕಲಸಿ ಹಿತ್ತಲ ಬಾಗಿಲ ಹತ್ತಿರ ಇಡೋಳು. ಕಾಯಿಲೆ ಬಿದ್ದರೆ ಬೆಕ್ಕು ತಾನೇ ಎಲ್ಲೋ ಹೋಗಿಬಿಡುತ್ತಿತ್ತು. "ಯಾಕೋ ಬೆಕ್ಕು ಕಾಣ್ತಿಲ್ವಲ್ಲ" ಅಂತ ಅಮ್ಮ ಎರಡು ದಿನ ಅನ್ನೋಳು. ಮೂರನೇ ದಿನ ಪಕ್ಕದ ಮನೆಯಿಂದ ಒಂದು ಮರಿ ಬರುತ್ತಿತ್ತು.

ಹೀಗೆ ಬೆಳೆದವನು ನಾನು, ನ್ಯೂಜೆರ್ಸಿಯಲ್ಲಿ ಕೂತು ಒಂದು ಬೆಕ್ಕಿಗೆ ಸಾವಿರದ ಎಂಟುನೂರು ಡಾಲರ್ ಖರ್ಚು ಮಾಡಿ ವಿಕಿರಣ ಚಿಕಿತ್ಸೆ ಕೊಡಿಸಿದೆ. ಇದನ್ನ ಬರೆಯೋಕೆ ಕೂತಾಗ ಬೆಕ್ಕಿನ ಕಥೆ ಬರೀತೀನಿ ಅಂತಲೇ ಅಂದುಕೊಂಡಿದ್ದೆ. ಬರೀತಾ ಬರೀತಾ ಅದು ಅಮ್ಮನ ಕಥೆ ಆಗ್ತಿದೆ. ಆಗಲಿ.

ಬೆಕ್ಕು ನಮ್ಮ ಮನೆಗೆ ಬಂದಾಗಲೇ ಅದಕ್ಕೆ ಏಳು ವರ್ಷ. ಯಾರೋ ಬಿಟ್ಟುಹೋಗಿದ್ದ ಬೆಕ್ಕನ್ನು ಶೆಲ್ಟರ್‌ನಿಂದ ನನ್ನ ಹೆಂಡತಿ ತಂದಳು. ಹೆಸರು ಮಿಸ್ಟಿ. ಫೋನಲ್ಲಿ ಹೇಳಿದಾಗ ಅಮ್ಮನಿಗೆ ಅದು "ಮೇಸ್ತ್ರಿ" ಅಂತ ಕೇಳಿಸಿತು. "ಹೆಣ್ಣು ಬೆಕ್ಕಿಗೆ ಮೇಸ್ತ್ರಿ ಅಂತ ಹೆಸರೇನೋ?" ಅಂದಳು. ಅವತ್ತಿಂದ ನಮ್ಮ ಮನೇಲಿ ಅದು ಮೇಸ್ತ್ರಿಯೇ. ಸೋಫಾ ಮೇಲೆ ಕೂತು ನಾವು ಕೆಲಸ ಮಾಡೋದನ್ನ ನೋಡೋ ಗತ್ತಿಗೆ ಹೆಸರು ಸರಿಯಾಗಿಯೇ ಇತ್ತು.

ಹದಿಮೂರು ತುಂಬಿದ ವರ್ಷ ಮೇಸ್ತ್ರಿಗೆ ಹಸಿವು ಹೆಚ್ಚಾಯಿತು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ತಲೆಯ ಹತ್ತಿರ ಕೂತು ಕೂಗೋದು. ಹಾಕಿದ್ದನ್ನೆಲ್ಲ ತಿಂದು ಇನ್ನೂ ಬೇಕು ಅನ್ನೋದು. ವಯಸ್ಸಾದ ಬೆಕ್ಕು ಮರಿಯ ಹಾಗೆ ಮನೆ ತುಂಬ ಓಡಾಡ್ತಿದ್ರೆ ನಾವು "ನೋಡು, ಎಷ್ಟು ಆರೋಗ್ಯವಾಗಿದೆ" ಅಂತ ಖುಷಿಪಟ್ಟೆವು. ಒಂದು ದಿನ ಎತ್ತಿಕೊಂಡಾಗ ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕವು. ನೀರು ಜಾಸ್ತಿ ಕುಡೀತಿತ್ತು. ವಾಂತಿ ಬೇರೆ.

ಡಾಕ್ಟರು ಕುತ್ತಿಗೆ ಸವರಿ ನೋಡಿದರು, ಎದೆಬಡಿತ ಎಣಿಸಿದರು. ನಿಮಿಷಕ್ಕೆ 240 ದಾಟಿತ್ತು. ರಕ್ತ ತೆಗೆದುಕೊಂಡರು. ಎರಡು ದಿನ ಬಿಟ್ಟು ಫೋನ್ ಬಂತು: ಥೈರಾಯ್ಡ್ ಹಾರ್ಮೋನ್ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ, ಹೈಪರ್‌ಥೈರಾಯ್ಡಿಸಂ. ಲಕ್ಷಣಗಳನ್ನು ಅವರು ಒಂದೊಂದಾಗಿ ಓದಿದರು. ಚೆನ್ನಾಗಿ ತಿಂದರೂ ತೂಕ ಇಳಿಯೋದು, ಚಡಪಡಿಕೆ, ಎದೆ ಹೊಡ್ಕೊಳ್ಳೋದು, ನಿದ್ದೆ ಇಲ್ಲದ್ದು, ಸೆಕೆ ತಡೆಯೋಕಾಗದೆ ತಣ್ಣಗಿನ ಜಾಗ ಹುಡುಕೋದು.

ನಾನು ಫೋನ್ ಹಿಡಿದು ಸುಮ್ಮನಾದೆ. ಈ ಪಟ್ಟಿಯನ್ನ ನಾನು ಮೊದಲೇ ನೋಡಿದ್ದೆ. ಪುಷ್ಯಮಾಸದ ಚಳಿಯಲ್ಲಿ ಅಂಗಳದಲ್ಲಿ ಚಾಪೆ ಹಾಸ್ಕೊಂಡು ಮಲಗುತ್ತಿದ್ದಳು ನಮ್ಮಮ್ಮ. ಕಾಫಿ ಲೋಟ ಕೊಡುವಾಗ ಅವಳ ಕೈ ನಡುಗಿ ತಟ್ಟೆಗೆ ಚೆಲ್ಲುತ್ತಿತ್ತು. ಎರಡು ಮುದ್ದೆ ಉಂಡರೂ ರವಿಕೆ ತೋಳು ಸಡಿಲವಾಗುತ್ತಾ ಹೋಯಿತು. ಸುಮ್ಮಸುಮ್ಮನೆ ರೇಗುತ್ತಿದ್ದಳು. ಅಪ್ಪ ಅದಕ್ಕೆ "ಬಾಯಿ ಜಾಸ್ತಿ ಆಗಿದೆ" ಅಂತಿದ್ದರು, ಊರಿನವರು "ದೃಷ್ಟಿ" ಅಂದರು. ದೇವರಿಗೆ ಹರಕೆ ಹೊತ್ತಿದ್ದಾಯ್ತು, ನಿಂಬೆಹಣ್ಣು ನಿವಾಳಿಸಿದ್ದಾಯ್ತು. ಕೊನೆಗೆ ಹೋಬಳಿ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಬ್ಬರು ಅವಳ ಕಣ್ಣು ಮುಂದಕ್ಕೆ ಬಂದಿರೋದನ್ನ ನೋಡಿ ಬೆಂಗಳೂರಿಗೆ ಬರೆದುಕೊಟ್ಟರು. ಬೆಕ್ಕಿನ ಕಾಯಿಲೆ ಏನು ಅಂತ ಗೊತ್ತಾಗೋಕೆ ಎರಡು ದಿನ ಸಾಕಾಯ್ತು. ಅಮ್ಮನಿಗೆ ಎರಡು ವರ್ಷ ಹಿಡಿದಿತ್ತು.

ಬೆಕ್ಕುಗಳಲ್ಲಿ ಈ ಕಾಯಿಲೆ ಇದೆ ಅಂತ ಗುರುತಿಸಿದ್ದು 1979ರಲ್ಲಿ, ನ್ಯೂಯಾರ್ಕಿನ ಪಶುವೈದ್ಯರು. ಈಗ ಇಲ್ಲಿ ಹತ್ತು ದಾಟಿದ ಬೆಕ್ಕುಗಳಲ್ಲಿ ಇದು ತೀರಾ ಸಾಮಾನ್ಯ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಒಂದೋ ಎರಡೋ ಗಂಟು ಬೆಳೆಯುತ್ತೆ. ಕ್ಯಾನ್ಸರ್ ಆಗಿರೋದು ನೂರಕ್ಕೆ ಎರಡು ಮೂರರಲ್ಲಿ ಮಾತ್ರ. ಆದರೆ ಆ ಗಂಟು ಯಾರ ಮಾತೂ ಕೇಳದೆ ಹಾರ್ಮೋನ್ ಸುರಿಸ್ತಾ ಹೋಗುತ್ತೆ. ಇಡೀ ಮೈ ಸದಾ ಫುಲ್ ಸ್ಪೀಡಲ್ಲಿ ಓಡುತ್ತೆ. ಹಾಗೇ ಬಿಟ್ಟರೆ ಹೃದಯ ಸೋಲುತ್ತೆ.

ದಾರಿ ನಾಲ್ಕು ಇತ್ತು. ಮೆಥಿಮಜೋಲ್ ಅನ್ನೋ ಮಾತ್ರೆ, ದಿನಕ್ಕೆ ಎರಡು ಸಲ, ಬದುಕಿರೋವರೆಗೆ. ಅಯೋಡಿನ್ ತೀರಾ ಕಡಿಮೆ ಇರೋ ವಿಶೇಷ ಆಹಾರ, ಅದೊಂದನ್ನೇ, ಬೇರೆ ಏನನ್ನೂ ಮೂಸಬಾರದು. ಆಪರೇಷನ್. ಇಲ್ಲಾಂದ್ರೆ ಅಯೋಡಿನ್-131, ಒಂದೇ ಇಂಜೆಕ್ಷನ್, ನೂರಕ್ಕೆ ತೊಂಬತ್ತೈದು ಬೆಕ್ಕುಗಳಲ್ಲಿ ಅಲ್ಲಿಗೇ ಮುಗೀತು.

ನಾವು ಮೊದಲು ಹಿಡಿದದ್ದು ಮಾತ್ರೆ. ಬೆಕ್ಕಿಗೆ ಮಾತ್ರೆ ನುಂಗಿಸಿ ಗೊತ್ತಿರೋರಿಗೆ ಆ ಕಷ್ಟ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದ್ರೂ ಅರ್ಥವಾಗಲ್ಲ. ಅದರ ಮೇಲೆ ಆಗ ನನ್ನ ಹೆಂಡತಿಗೆ ನಾಲ್ಕು ತಿಂಗಳು. ಆ ಮಾತ್ರೆ ಹೊಟ್ಟೆಯಲ್ಲಿರೋ ಮಗುವಿಗೆ ಒಳ್ಳೇದಲ್ಲ, ಬಸುರಿಯರು ಬರಿಗೈಲಿ ಮುಟ್ಟಲೂ ಬಾರದು ಅಂತ ಡಾಕ್ಟರು ಎಚ್ಚರಿಸಿದರು. ಮಗು ಬಂದಮೇಲೆ ರಾತ್ರಿಯೆಲ್ಲ ಎದ್ದಿರೋ ಮನೇಲಿ ದಿನಕ್ಕೆ ಎರಡು ಸಲ ಮೇಸ್ತ್ರಿಯ ಬಾಯಿ ತೆರೆಸೋರು ಯಾರು? ಆ ಕಡೆ ವಿಕಿರಣ ಅಂದ್ರೆ ಇವಳಿಗೆ ಭಯ. ಒಂದು ರಾತ್ರಿ ಗೂಗಲ್ ಮಾಡಿ, ಫೋನು ನನ್ನ ಮುಖಕ್ಕೆ ಹಿಡಿದಳು: "1986ರಲ್ಲಿ ಚೆರ್ನೋಬಿಲ್‌ನಲ್ಲಿ ಹಾಲಿಗೆ ಸೇರಿ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ತಂದಿದ್ದು ಇದೇ ಅಯೋಡಿನ್-131 ಕಣ್ರೀ."

ಹೌದು, ಅದೇ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಅಂದ್ರೆ ಬೆಕ್ಕಿಗೆ ಹಾಲಿದ್ದ ಹಾಗೆ. ಹಾರ್ಮೋನ್ ಮಾಡೋಕೆ ಅದು ಬೇಕೇ ಬೇಕು. ಒಳ್ಳೇ ಅಯೋಡಿನ್ ಯಾವುದು, ವಿಕಿರಣ ಸೂಸೋ ಅಯೋಡಿನ್ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ, ಸಿಕ್ಕಿದ್ದನ್ನೆಲ್ಲ ಎಳ್ಕೊಳ್ಳುತ್ತೆ. ಚೆರ್ನೋಬಿಲ್‌ನಲ್ಲಿ ಮಕ್ಕಳ ಆರೋಗ್ಯ ಕೆಡಿಸಿದ ಗುಣವೇ ಇಲ್ಲಿ ಔಷಧಿ. ಬೆಕ್ಕಿನ ಚರ್ಮದ ಕೆಳಗೆ ಕೊಟ್ಟ ಅಯೋಡಿನ್ ರಕ್ತದಲ್ಲಿ ಹರಿದು ಸೀದಾ ಆ ಗಂಟಿಗೆ ಹೋಗಿ ಕೂರುತ್ತೆ. ಅದರಿಂದ ಹೊರಡೋ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ದೂರ ಹೋಗೋದ್ರಲ್ಲಿ ನಿಂತುಬಿಡುತ್ತವೆ. ಸುತ್ತಲಿನ ಕೋಶಗಳು ಮಾತ್ರ ಸಾಯುತ್ತವೆ. ಗಾಮಾ ಕಿರಣಗಳು ಮೈಯಿಂದ ಹೊರಗೆ ಬರುತ್ತವೆ, ಅದಕ್ಕೇ ನಾವು ದೂರ ಇರಬೇಕಾದ್ದು.

ನನಗೆ ಬಹಳ ಇಷ್ಟವಾದ ವಿಷಯ ಇನ್ನೊಂದಿದೆ. ಮನೇಲಿ ಒಬ್ಬ ಜೋರು ಮಾಡಿದರೆ ಉಳಿದವರು ಬಾಯಿ ಮುಚ್ಕೊಂಡು ಕೂರ್ತಾರಲ್ಲ, ಹಾಗೆ ಆ ಗಂಟು ಹಾರ್ಮೋನ್ ಸುರಿಸುತ್ತಿರುವಾಗ ಗ್ರಂಥಿಯ ಆರೋಗ್ಯವಂತ ಕೋಶಗಳು ಕೆಲಸ ನಿಲ್ಲಿಸಿ ಮಲಗಿರುತ್ತವೆ. ಮಲಗಿದವು ಅಯೋಡಿನ್ ಹೆಚ್ಚು ತಗೊಳ್ಳಲ್ಲ. ಆದ್ದರಿಂದ ಸಾಯೋದು ಜೋರು ಮಾಡಿದ್ದು. ಆಮೇಲೆ ಮಲಗಿದ್ದವು ನಿಧಾನವಾಗಿ ಎದ್ದು ಕೆಲಸಕ್ಕೆ ಬರುತ್ತವೆ. ಬಹುಪಾಲು ಬೆಕ್ಕುಗಳಿಗೆ ಆಮೇಲೆ ಮಾತ್ರೆಯೇ ಬೇಕಿಲ್ಲ.

ಅಮ್ಮನಿಗೆ ಹಾಗಾಗಲಿಲ್ಲ. ಮನುಷ್ಯರಲ್ಲಿ ಸಾಮಾನ್ಯವಾಗಿ ಬರೋ ಗ್ರೇವ್ಸ್ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಇಡೀ ಗ್ರಂಥಿಯನ್ನ ಕೆರಳಿಸುತ್ತೆ. ಮಲಗಿರೋ ಕೋಶ ಅಂತ ಅಲ್ಲಿ ಇರೋದೇ ಇಲ್ಲ. ಅಯೋಡಿನ್ ಕೊಟ್ಟಾಗ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತೆ. ಅದಕ್ಕೇ ಅವಳು ಇವತ್ತಿಗೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಥೈರಾಕ್ಸಿನ್ ಮಾತ್ರೆ ನುಂಗಿ, ಕಾಫಿಗೆ ಗಡಿಯಾರ ನೋಡ್ತಾ ಕೂರ್ತಾಳೆ.

ಅಂದಹಾಗೆ ಅಮ್ಮನಿಗೆ ಆವತ್ತು ಕೊಟ್ಟಿದ್ದು ಇದೇ ಅಯೋಡಿನ್-131. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ನಾನು ಅದನ್ನ ನೆನಪು ಮಾಡ್ಕೊಳ್ತಿರಲಿಲ್ಲ.

2003ರ ಸಂಕ್ರಾಂತಿ ಕಳೆದ ವಾರ. ಬೆಂಗಳೂರಿನ ಒಂದು ಆಸ್ಪತ್ರೆಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ಅಯೋಡಿನ್ ಕುಡಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದರು. ನಾನು ತುಮಕೂರಿನ ಹಾಸ್ಟೆಲ್‌ನಲ್ಲಿ ಸೆಕೆಂಡ್ ಪಿಯುಸಿ ಓದ್ತಿದ್ದೆ, ಆ ಭಾನುವಾರ ಊರಿಗೆ ಹೋಗಿದ್ದೆ. ಅಕ್ಕ ಬಾಣಂತನಕ್ಕೆ ಬಂದವಳು ಇನ್ನೂ ನಮ್ಮ ಮನೇಲೇ ಇದ್ದಳು, ಮಗುವಿಗೆ ಐದು ತಿಂಗಳು. ಡಾಕ್ಟರು ಹೇಳಿದ್ದರಲ್ಲಿ ಅಪ್ಪನಿಗೆ ನೆನಪಿದ್ದದ್ದು "ಮಗೂನ ಎತ್ಕೋಬಾರದಂತೆ" ಅನ್ನೋದೊಂದೇ. ಉಳಿದಿದ್ದು ಇಂಗ್ಲಿಷಿನಲ್ಲಿ ಗೀಚಿದ ಒಂದು ಚೀಟಿಯಲ್ಲಿತ್ತು. ಮನೇಲಿ ಇಂಗ್ಲಿಷ್ ಓದೋನು ನಾನು. ಅಪ್ಪ ಚೀಟಿ ನನ್ನ ಕೈಗೆ ಕೊಟ್ಟರು.

ಮುಂದಿನ ವಾರ ಪ್ರಿಪರೇಟರಿ ಪರೀಕ್ಷೆ. ಐದು ಗಂಟೆ ಬಸ್ ತಪ್ಪಿದರೆ ಮತ್ತೆ ಬಸ್ಸಿಲ್ಲ. ನಾನು ನಿಂತೇ ಚೀಟಿ ಮೇಲೆ ಕಣ್ಣಾಡಿಸಿ, "ದೂರ ಇರಬೇಕಂತೆ, ಬೇರೆ ಮಲಗಬೇಕಂತೆ" ಅಂತ ಹೇಳಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟೆ. ಬಸ್ಸಲ್ಲಿ ಕೂತು ಫಿಸಿಕ್ಸ್ ಪುಸ್ತಕ ತೆಗೆದೆ. ವಿಕಿರಣಶೀಲತೆ, ಅರ್ಧಾಯುಷ್ಯ. ಒಂದು ವಸ್ತುವಿನ ಅರ್ಧಾಯುಷ್ಯ ಎಂಟು ದಿನವಾದರೆ ಮೂವತ್ತೆರಡು ದಿನದ ನಂತರ ಎಷ್ಟು ಭಾಗ ಉಳಿದಿರುತ್ತದೆ? ಹದಿನಾರನೇ ಒಂದು ಭಾಗ. ಎಂಟು ದಿನದ ಆ ವಸ್ತು ಅಯೋಡಿನ್-131 ಅಂತ ಪುಸ್ತಕದಲ್ಲೇ ಇತ್ತು. ಲೆಕ್ಕ ಸರಿಯಾಗಿ ಮಾಡಿದೆ. ಅದು ಅಮ್ಮನ ಮೈಯಲ್ಲಿದೆ ಅಂತ ನನ್ನ ತಲೆಗೆ ಹೋಗಲೇ ಇಲ್ಲ.

ಪರೀಕ್ಷೆ ಮುಗಿಸಿ ಯುಗಾದಿಗೆ ಊರಿಗೆ ಬಂದೆ. ಅಮ್ಮ ಆಗಲೂ ಹಿಂದಿನ ಕೋಣೆಯಲ್ಲಿ, ಕೊಬ್ಬರಿ ಚೀಲಗಳ ಪಕ್ಕ ಮಲಗುತ್ತಿದ್ದಳು. ತಟ್ಟೆ ಲೋಟ ಬೇರೆ. ಮಗು ಅಂಬೆಗಾಲಿಡಲು ಶುರು ಮಾಡಿತ್ತು. ಅದು ಅವಳ ಕಡೆ ಬಂದರೆ "ಏಯ್, ಹಿಡ್ಕೊಳ್ರೇ" ಅಂತ ಕೂಗಿ ತಾನೇ ಹಿಂದೆ ಸರಿಯೋಳು. ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರೋ ಮನೆ ನಮ್ಮದು. ದೂರ ಇರೋಕೆ ಬೇಕಾದ ಜಾಗ, ಪಾತ್ರೆ, ಚಾಪೆ, ರೂಢಿ ಎಲ್ಲ ಮೊದಲೇ ಇತ್ತು.

"ಇನ್ನೂ ಯಾಕಮ್ಮ ಅಲ್ಲಿ ಮಲಗ್ತೀಯ?" ಅಂದೆ.

"ನೀನೇ ತಾನೇ ಓದಿ ಹೇಳಿದ್ದು, ದೂರ ಇರಬೇಕು ಅಂತ. ಎಷ್ಟು ದಿನ ಅಂತ ಹೇಳ್ಲಿಲ್ಲವಲ್ಲ."

ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದ ಚೀಟಿ ತೆಗೆದು ನೋಡಿದೆ. ಕೊನೇ ಸಾಲಿನಲ್ಲಿತ್ತು: ಚಿಕ್ಕ ಮಕ್ಕಳಿಂದ ದೂರ, 10 ದಿನ. ಅವತ್ತಿಗೆ ಎಪ್ಪತ್ತು ದಾಟಿತ್ತು. ಒಂಬತ್ತು ಅರ್ಧಾಯುಷ್ಯ, 512ರಲ್ಲಿ ಒಂದು ಭಾಗ. ಮೂತ್ರದಲ್ಲಿ ಹೋಗಿದ್ದನ್ನು ಕಳೆದರೆ ಅದಕ್ಕಿಂತಲೂ ಎಷ್ಟೋ ಕಡಿಮೆ.

ಚೀಟಿ ಮಡಚಿ ಅಲ್ಲೇ ಇಟ್ಟು ಹೇಳಿದೆ: "ಇವತ್ತಿಗೆ ಮುಗೀತಮ್ಮ. ಇನ್ನು ಎತ್ಕೋಬಹುದು."

ಅಮ್ಮ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಹುಯ್ಕೊಂಡು ಬಂದು ಮಗೂನ ಎತ್ತಿಕೊಂಡಳು. ಮಗುವಿಗೆ ಅವಳ ಗುರುತೇ ಇರಲಿಲ್ಲ, ಜೋರಾಗಿ ಅತ್ತಿತು. ಹಬ್ಬ ಕಳೆದ ನಾಲ್ಕನೇ ದಿನಕ್ಕೆ ಅಕ್ಕ ಮಗೂನ ಕರ್ಕೊಂಡು ಗಂಡನ ಮನೆಗೆ ಹೊರಟಳು. ಹತ್ತು ದಿನದ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹದಿನಾರು ವರ್ಷ.

ಮೇಸ್ತ್ರಿಯ ಚಿಕಿತ್ಸೆಗೆ ಒಪ್ಪಿದೆವು. ಈ ಕಾಯಿಲೆ ರಕ್ತದ ಓಟ ಹೆಚ್ಚಿಸಿ ಕಿಡ್ನಿಯ ತೊಂದರೆಯನ್ನ ಮುಚ್ಚಿಟ್ಟಿರಬಹುದು, ಥೈರಾಯ್ಡ್ ಸರಿಹೋದ ಮೇಲೆ ಅದು ಹೊರಗೆ ಬರಬಹುದು ಅಂತ ಮೊದಲು ಕಿಡ್ನಿ ಪರೀಕ್ಷೆ ಮಾಡಿದರು. ಮಾತ್ರೆ ನಿಲ್ಲಿಸಿ ಒಂದು ವಾರ ಕಾದರು. ಬೆಕ್ಕಿಗೆ ಕೊಡೋದು ಎರಡರಿಂದ ಐದು ಮಿಲಿಕ್ಯೂರಿ, ಮನುಷ್ಯರಿಗೆ ಗ್ರೇವ್ಸ್‌ನಲ್ಲಿ ಹತ್ತು ಹದಿನೈದು. ಐದು ದಿನ ಆಸ್ಪತ್ರೆಯಲ್ಲಿ, ನೋಡೋಕೆ ಬಿಡಲ್ಲ. ಮನೆಯ ವಾಸನೆ ಇರೋ ಬಟ್ಟೆ ಕೊಡಬಹುದು, ಆದರೆ ವಾಪಸ್ ಬರಲ್ಲ ಅಂದರು. ನನ್ನ ಹಳೇ ಲುಂಗಿಯೊಂದನ್ನ ಕೊಟ್ಟೆ.

ಆ ಐದು ದಿನ ರಾತ್ರಿ ನಾಲ್ಕಕ್ಕೆ ಯಾರೂ ಎಬ್ಬಿಸದಿದ್ದರೂ ಎಚ್ಚರ ಆಗುತ್ತಿತ್ತು. ಸುಮ್ಮನೆ ಈ ಅಯೋಡಿನ್ ಇತಿಹಾಸ ಓದಿದೆ. 1936ರಲ್ಲಿ ಬೋಸ್ಟನ್ನಿನ ಸಾಲ್ ಹರ್ಟ್ಸ್ ಅನ್ನೋ ಡಾಕ್ಟರು ಒಂದು ಭಾಷಣ ಮುಗಿದ ಮೇಲೆ ಎದ್ದು ನಿಂತು, ಅಯೋಡಿನ್ನನ್ನ ಕೃತಕವಾಗಿ ವಿಕಿರಣಶೀಲ ಮಾಡಬಹುದಾ ಅಂತ ಕೇಳಿದರಂತೆ. 1941ರ ಮಾರ್ಚ್ 31ರಂದು ಅವರೇ ಮೊದಲ ರೋಗಿಗೆ ವಿಕಿರಣ ಅಯೋಡಿನ್ ಕೊಟ್ಟರು. ಈ ನಡುವೆ 1938ರಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಅಯೋಡಿನ್-131 ಕಂಡುಹಿಡಿದಿದ್ದರು. ಮುಂದೆ ಸೀಬೋರ್ಗ್‌ರ ತಾಯಿಗೇ ಥೈರಾಯ್ಡ್ ಅತಿಯಾಗಿ, ಮಗ ಕಂಡುಹಿಡಿದ ಅಯೋಡಿನ್ನಿಂದಲೇ ಅವರು ಗುಣವಾದರು. ಇದನ್ನ ಓದಿದ ಮೇಲೆ ನನಗೆ ಮತ್ತೆ ನಿದ್ದೆ ಬರಲಿಲ್ಲ. ಒಬ್ಬ ಮಗ ಅಮ್ಮನಿಗೆ ಔಷಧಿಯನ್ನೇ ಕಂಡುಹಿಡಿದ. ನಾನು ಒಂದು ಚೀಟಿಯನ್ನ ಪೂರ್ತಿ ಓದಲಿಲ್ಲ.

ನಮಗೆ ಬೆಳಗಿನ ಜಾವ ಅಂದ್ರೆ ಊರಲ್ಲಿ ಮಧ್ಯಾಹ್ನ. ಫೋನ್ ಮಾಡಿದೆ. ಮೇಸ್ತ್ರಿ ಆಸ್ಪತ್ರೇಲಿದೆ, ನಿನಗೆ ಕೊಟ್ಟ ಔಷಧಿಯನ್ನೇ ಕೊಟ್ಟಿದ್ದಾರೆ ಅಂದೆ. ಅಮ್ಮ ಮೊದಲು ಕೇಳಿದ್ದು ದುಡ್ಡು. ಹೇಳಿದೆ. "ಒಂದೂಕಾಲು ಲಕ್ಷನಾ! ಎರಡು ಸೀಮೆಹಸು ಬರ್ತಿತ್ತಲ್ಲೋ" ಅಂದಳು. ಆಮೇಲೆ ತಾನೇ, "ಹೋಗ್ಲಿ ಬಿಡು, ಅದಕ್ಕೂ ಕೈಕಾಲು ನಡುಗ್ತಿತ್ತೇನೋ, ಬಾಯಿಲ್ಲ ಪಾಪ. ಬಾಯಿದ್ದು ನಾನೇ ಏನು ಹೇಳ್ಕೊಂಡೆ" ಅಂದಳು.

ಆಗ ಹೇಳಿಬಿಟ್ಟೆ. ಚೀಟೀಲಿ ಇದ್ದದ್ದು ಹತ್ತೇ ದಿನ ಕಣಮ್ಮ, ನಾನು ಸರಿಯಾಗಿ ಓದಲಿಲ್ಲ, ಯುಗಾದಿ ದಿನ ಸುಳ್ಳು ಹೇಳಿದೆ ಅಂತ.

ಆ ಕಡೆ ಸ್ವಲ್ಪ ಹೊತ್ತು ಬರೀ ಫ್ಯಾನ್ ಸದ್ದು.

"ಹತ್ತು ಅಂತ ಇದ್ದದ್ದು ನಂಗೊತ್ತಿತ್ತು ಕಣೋ. ಅಂಕಿ ಓದೋಕೆ ಬರಲ್ವಾ ನಂಗೆ? ಅದರ ಮುಂದೆ ಏನು ಬರೆದಿದ್ರೋ ಅದು ತಿಳೀಲಿಲ್ಲ. ಹತ್ತು ದಿನವೋ ಹತ್ತು ವಾರವೋ. ಮಗು ವಿಷಯ, ಯಾಕೆ ಬೇಕು ಅಂತ ಹತ್ತು ವಾರ ಅನ್ಕೊಂಡೆ. ನೀನು ಬಂದು ಇವತ್ತಿಗೆ ಮುಗೀತು ಅಂದೆ. ನನ್ನ ಲೆಕ್ಕ ಸರಿ ಇತ್ತು ಅಂತ ಖುಷಿ ಆಯ್ತು."

"ಅಪ್ಪನ್ನೋ ಅಕ್ಕನ್ನೋ ಕೇಳಬಹುದಿತ್ತಲ್ಲಮ್ಮ. ನಂಗೆ ಒಂದು ಫೋನ್ ಮಾಡಿಸಬಹುದಿತ್ತು."

"ನಿಂಗೆ ಪರೀಕ್ಷೆ ಇತ್ತಲ್ಲ."

ನಮ್ಮ ಫಿಸಿಕ್ಸ್ ಲೆಕ್ಚರರ್ ಒಬ್ಬರಿದ್ದರು, ಉತ್ತರದ ಮುಂದೆ ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕ್ಸ್ ಕಟ್ ಮಾಡೋರು. ಆ ವರ್ಷ ಒಂದು ಸಲವೂ ನನ್ನ ಮಾರ್ಕ್ಸ್ ಕಟ್ ಆಗಿರಲಿಲ್ಲ.

ಮೇಸ್ತ್ರಿ ಮನೆಗೆ ಬಂದಾಗ ಜೊತೆಗೆ ಮೂರು ಪುಟದ ಸೂಚನೆ ಕೊಟ್ಟರು. ಈ ಸಲ ಎರಡು ಸಲ ಓದಿದೆ. ಎರಡು ವಾರ ಬೇರೆ ಕೋಣೆ. ಹಾಸಿಗೆ ಮೇಲೆ ಬಿಡಬಾರದು, ತೊಡೆ ಮೇಲೆ ಹೆಚ್ಚು ಹೊತ್ತು ಕೂರಿಸಬಾರದು. ಬಸುರಿ ಹತ್ತಿರ ಹೋಗಲೇಬಾರದು. ಅದರ ಉಚ್ಚೆ-ಕಕ್ಕ ಕೈಗವಸು ಹಾಕ್ಕೊಂಡು ತೆಗೆದು ಚೀಲಕ್ಕೆ ಕಟ್ಟಿ, ಎಂಬತ್ತು ದಿನ ಗ್ಯಾರೇಜಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಬೇಕು. ಮೊದಲೇ ಹಾಕಿದರೆ ಕಸ ಸುರಿಯೋ ಜಾಗದ ವಿಕಿರಣ ಅಲಾರಂ ಹೊಡ್ಕೊಳ್ಳುತ್ತೆ. ಎಂಬತ್ತು ಯಾಕೆ ಅಂದ್ರೆ ಹತ್ತು ಅರ್ಧಾಯುಷ್ಯ, ಎರಡರ ಹತ್ತನೇ ಘಾತ, 1024ರಲ್ಲಿ ಒಂದು ಭಾಗ. ಈ ಒಂದು ಸಂಖ್ಯೆಯನ್ನ ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮೊದಲ ರಾತ್ರಿ ಅದು ಬಾಗಿಲ ಹಿಂದೆ ಕೂತು ಕೂಗಿತು. ಅದಕ್ಕೆ ಹದಿನಾಲ್ಕು ದಿನ ಅಂತ ಹೇಳೋದು ಹೇಗೆ? ನಾನು ಬಾಗಿಲ ಈ ಕಡೆ ಗೋಡೆಗೆ ಒರಗಿ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡಿದೆ. ಕೀಬೋರ್ಡ್ ಸದ್ದು ಕೇಳಿ ಆ ಕಡೆ ಸುಮ್ಮನಾಯ್ತು. ಹದಿನಾಲ್ಕು ರಾತ್ರಿಯೂ ಹಾಗೇ ಮಾಡಿದೆ. ಹಿಂದಿನ ಕೋಣೆಯ ಬಾಗಿಲಲ್ಲಿ ಅಮ್ಮನ ಜೊತೆ ಹೀಗೆ ಯಾರಾದರೂ ಕೂತಿದ್ದರಾ ಅಂತ ಅಕ್ಕನನ್ನ ಕೇಳಬೇಕು ಅನ್ಕೊಂಡೆ. ಇನ್ನೂ ಕೇಳಿಲ್ಲ.

ಮೂರು ತಿಂಗಳ ಪರೀಕ್ಷೆಯಲ್ಲಿ ಹಾರ್ಮೋನ್ ಸರಿಯಾಗಿತ್ತು, ಕಿಡ್ನಿಯೂ ಪರವಾಗಿಲ್ಲ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗಲ್ಲ. ಬೆಳಿಗ್ಗೆ ಏಳರ ತನಕ ಮಲಗುತ್ತೆ. ಮಾತ್ರೆ ಇಲ್ಲ.

ಬಾಣಂತನಕ್ಕೆ ಅಂತ ಅಮ್ಮ ಬಂದಾಗ ಎಂಬತ್ತು ದಿನ ಮುಗಿಯೋಕೆ ಇನ್ನೂ ಆರು ದಿನ ಇತ್ತು. ಸೂಟ್‌ಕೇಸ್ ಇಡೋಕೆ ಗ್ಯಾರೇಜಿಗೆ ಬಂದವಳಿಗೆ ಮೂಲೆಯಲ್ಲಿದ್ದ ಮುಚ್ಚಳದ ಡಬ್ಬ ಕಣ್ಣಿಗೆ ಬಿತ್ತು. ಅದರ ಮೇಲೆ ನಾನು ಕನ್ನಡದಲ್ಲೇ ಮಾರ್ಕರಿನಿಂದ ಬರೆದಿದ್ದೆ: "80 ದಿನ. ದಿನ." ಕೆಳಗೆ ತಾರೀಖು.

"ಏನೋ ಇದು? ಉಪ್ಪಿನಕಾಯಾ?"

"ಮೇಸ್ತ್ರಿ ಉಚ್ಚೆ ಕಣಮ್ಮ."

ಅಮ್ಮ ಕನ್ನಡಕ ಏರಿಸಿಕೊಂಡು ಇನ್ನೊಂದು ಸಲ ಓದಿದಳು.

"ಎರಡು ಸಲ ಯಾಕೆ ಬರೆದಿದೀಯ ದಿನ ಅಂತ?"

ನಾನು ಏನೂ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಸೋಫಾ ಮೇಲೆ ಕೂತಳು. ಮೇಸ್ತ್ರಿ ದೂರದಿಂದ ಸ್ವಲ್ಪ ಹೊತ್ತು ನೋಡಿ, ಬಂದು ಅವಳ ತೊಡೆ ಹತ್ತಿತು.

"ಇದನ್ನ ಎತ್ಕೋಬಹುದಾ ಈಗ?" ಅಂದಳು.

"ಯಾವಾಗ್ಲೋ ಎತ್ಕೋಬಹುದಿತ್ತಮ್ಮ" ಅಂದೆ.